ಮೋಟಾರು ಕಾರಿನಲ್ಲಿ ಮಂದ್ರನಾದ

ಸಂಗೀತಶಾಸ್ತ್ರಕಾರರು ನಾದಕ್ಕೆ ಮೂರು ಸ್ಥಾನಗಳನ್ನು ಹೇಳಿರುತ್ತಾರೆ. ಎದೆಯಲ್ಲಿ ಹುಟ್ಟುವುದು ಮಂದ್ರ, ಕಂಠದಲ್ಲಿ ಹುಟ್ಟುವುದು ಮಧ್ಯ, ಶಿರಸ್ಸಿನಲ್ಲಿ ಹುಟ್ಟುವುದು ತಾರ. 13ನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಈ ವಿಭಾಗವನ್ನು ನಿರೂಪಿಸಿರುವನು. ಇವುಗಳಲ್ಲಿ ತಾರವು ಕೆಟ್ಟರೆ ಕೇಳುವವನಿಗೆ ಕೂಡಲೆ ಗೊತ್ತಾಗುತ್ತದೆ. ಮಧ್ಯವು ಕೆಟ್ಟರೆ ಸಾಹಿತ್ಯವೇ ತಿಳಿಯುವುದಿಲ್ಲ. ಮಂದ್ರವೊಂದು ಮಾತ್ರ ಹೇಳದೆ ಕೇಳದೆ ಹೊರಟುಹೋಗುತ್ತದೆ. ಹೋದದ್ದು ಏನೆಂದು ತಿಳಿಯದು. ಏನೋ ಹೋಗಿದೆ ಎಂಬುದಷ್ಟೇ ತಿಳಿಯುತ್ತದೆ. ಮನೆಯ ಹಿರಿಯರೊಬ್ಬರು ಪರಸ್ಥಳಕ್ಕೆ ಹೋದ ದಿನ ಒಲೆ ಹೊತ್ತುತ್ತದೆ, ಅಡಿಗೆಯಾಗುತ್ತದೆ, ಮಕ್ಕಳು ಪಾಠಶಾಲೆಗೆ ಹೋಗಿಬರುತ್ತಾರೆ. ಆದರೂ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಒಂದು ಬಗೆಯ ಬರಿದುತನವು ತೋರುವುದಿಲ್ಲವೆ? ಮಂದ್ರವು ಹೋದ ಸಂಗೀತದ ಸ್ಥಿತಿಯೂ ಅದೇ.

ಮಾಲೂರು ತಾಲ್ಲೂಕಿನ ಮಾಸ್ತಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಿಗೆ ಬರುವವರು ಆ ಊರಿನ ಹೆಸರನ್ನು ಹೊತ್ತು 1983ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ವೆಂಕಟೇಶ ಅಯ್ಯಂಗಾರ್ಯರು. ಸಂಗೀತಗಾರನೊಬ್ಬನ ಬಾಳನ್ನು ಕುರಿತ ‘ಸುಬ್ಬಣ್ಣ’ವನ್ನು ಅವರು 1928ರಲ್ಲಿ ಪ್ರಕಟಿಸಿದರು. ಅದೇ ಊರಿನಲ್ಲಿ, ಯಾವ ಗ್ರಂಥದಲ್ಲಿಯೂ ಹೆಸರಿಲ್ಲದ ಒಬ್ಬ ಗೃಹಸ್ಥರಿದ್ದಾರೆ. ವಯಸ್ಸು ಎಪ್ಪತ್ತನ್ನು ದಾಟಿದೆ. ರಾಗಿಯ ಹೊಲ, ನಾಲ್ಕು ಸಾಲು ಮಾವಿನ ಮರ, ಎರಡು ಸೀಮೆಹಸು, ಇವು ಅವರ ಲೌಕಿಕ. ಅಟ್ಟದ ಮೇಲೆ ಬಟ್ಟೆಯ ಚೀಲದಲ್ಲಿ ತೂಗುಹಾಕಿರುವ ಹಲಸಿನ ಮರದ ಒಂದು ಮೃದಂಗ, ಇದು ಅವರ ಪಿತ್ರಾರ್ಜಿತ. ಅವರ ತಂದೆಯವರು ಸುತ್ತಿನ ಗ್ರಾಮಗಳ ಹರಿಕಥೆಗಳಿಗೂ ರಾಮನವಮಿಯ ಕಚೇರಿಗಳಿಗೂ ಮೃದಂಗ ನುಡಿಸುತ್ತಿದ್ದವರು. ಆ ಹಿರಿಯರ ಭಾವಚಿತ್ರವೊಂದು ಮನೆಯ ಗೋಡೆಯ ಮೇಲಿದೆ. ಅದಲ್ಲದೆ ಅವರ ನೆನಪಿಗೆಂದು ಉಳಿದಿರುವುದು ಒಂದು ಕ್ಯಾಸೆಟ್ಟು; ಒಂದು ರಾಮನವಮಿಯ ರಾತ್ರಿ ಚಪ್ಪರದ ಕಂಬಕ್ಕೆ ಮೈಕನ್ನು ಕಟ್ಟಿ ಯಾರೋ ಪುಣ್ಯಾತ್ಮರು ಹಿಡಿದದ್ದು.

ಗೃಹಸ್ಥರ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನು ಈಚೆಗೆ, ಒಬ್ಬರು ಬಳಸಿ ಮಾರಿದ ಮೋಟಾರು ಕಾರೊಂದನ್ನು ಕೊಂಡು ಊರಿಗೆ ತಂದನು. ಚಕ್ರಗಳ ಕೆಳಗೆ ನಿಂಬೆಯ ಹಣ್ಣನ್ನಿಟ್ಟು, ತೆಂಗಿನಕಾಯಿ ಒಡೆದು, ಕುಂಕುಮ ಹಚ್ಚಿದ್ದಾಯಿತು. ತಂದೆಗೆ ಸಂತೋಷವಾಗಲೆಂದು ಮಗನು ಆ ಕ್ಯಾಸೆಟ್ಟಿನ ವಾದನವನ್ನು ಒಂದು ಪೆನ್ ಡ್ರೈವಿಗೆ ಇಳಿಸಿ ತಂದಿದ್ದನು. ಕಾರು ಮಾಲೂರಿನ ಕಡೆಗೆ ಹೊರಟು ನೀಲಗಿರಿಯ ತೋಪುಗಳ ನಡುವೆ ಸಾಗುತ್ತಿದ್ದಾಗ ತನಿಯಾವರ್ತನವು ಮೊದಲಾಯಿತು. ಮುದುಕರು ಸ್ವಲ್ಪ ಹೊತ್ತು ಕೇಳಿದರು. ಮುಖದಲ್ಲಿ ಮೂಡಿದ್ದ ನಗೆಯು ಮೆಲ್ಲಗೆ ಅಡಗಿತು.

“ಬಲಗೈ ಕೇಳಿಸುತ್ತಿದೆ ಮಗು. ಎಡಗೈ ಎಲ್ಲಿ?” ಎಂದರು.

ಮೃದಂಗದ ಪರಿಚಯವಿಲ್ಲದವರಿಗೆ ಈ ಮಾತಿನ ಅರ್ಥವನ್ನು ಸ್ವಲ್ಪ ಬಿಡಿಸಬೇಕು. ಮೃದಂಗದ ಬಲಮುಚ್ಚಿಗೆಯ ನಡುವೆ ಕರಣೆ ಎಂಬ ಕಪ್ಪು ಲೇಪವು ಸ್ಥಿರವಾಗಿರುತ್ತದೆ. ಅದು ಶ್ರುತಿಗೆ ಸೇರಿ ಗಂಟೆಯಂತೆ ನುಡಿಯುತ್ತದೆ. ಎಡಮುಚ್ಚಿಗೆಗೆ ಸ್ಥಿರವಾದ ಲೇಪವಿಲ್ಲ. ನುಡಿಸುವ ಮುನ್ನ ನೀರಿನಲ್ಲಿ ಕಲಸಿದ ರವೆಯ ಮುದ್ದೆಯನ್ನು ಅದರ ನಡುವೆ ಅಂಟಿಸಿ, ಕಚೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಆ ಭಾರದಿಂದ ಚರ್ಮದ ಸ್ಪಂದನವು ನಿಧಾನವಾಗಿ ನಾದವು ಮಂದ್ರಕ್ಕೆ ಇಳಿಯುತ್ತದೆ. ಅಂಗೈಯ ಬುಡದಿಂದ ಚರ್ಮವನ್ನು ಒತ್ತಿ ಆ ನಾದವನ್ನು ಪಾರಿವಾಳದ ಕೂಗಿನಂತೆ ಮೇಲಕ್ಕೆ ಜಾರಿಸುವುದಕ್ಕೆ ಗುಮುಕಿ ಎಂದು ಹೆಸರು. ಬಲಗೈಯ ಲೆಕ್ಕವನ್ನು ಅಭ್ಯಾಸದಿಂದ ಯಾರಾದರೂ ಸಾಧಿಸಿಯಾರು. ಎಡಗೈಯ ನಾದವು ಮಾತ್ರ ಒಬ್ಬೊಬ್ಬರದು ಒಂದೊಂದು ಬಗೆ ಎಂದು ಬಲ್ಲವರು ಹೇಳುತ್ತಾರೆ. ಆದುದರಿಂದ ಎಡಗೈ ಕೇಳಿಸದಿದ್ದರೆ ಅಲ್ಲಿ ಕೇಳಿಸುತ್ತಿರುವುದು ಯಾರೋ ಒಬ್ಬ ವಾದಕನ ಮೃದಂಗ, ತಮ್ಮ ತಂದೆಯವರದಲ್ಲ. ಮುದುಕರ ಸಂಕಟವು ಇದು.

ಮಗನು ಒಡನೆಯೆ ‘ಬೇಸ್’ ಎಂಬ ಗುಂಡಿಯನ್ನು ಕೊನೆಯವರೆಗೆ ಏರಿಸಿದನು. ನಾದವು ಬರಲಿಲ್ಲ, ಬಾಗಿಲಿನ ಒಳಗಿನಿಂದ ತಗಡು ನಡುಗುವ ಗರಗರ ಶಬ್ದವು ಬಂದಿತು. ಅವನಿಗೆ ಬೇಸರವಾಯಿತು. “ಅಪ್ಪಾ, ನನಗೆ ಎಲ್ಲ ಸರಿಯಾಗಿಯೇ ಕೇಳಿಸುತ್ತಿದೆ. ಒಂದು ಸಲ ನಿಮ್ಮ ಕಿವಿಯನ್ನು…” ಎಂದು ಆರಂಭಿಸಿ, ಮಾತನ್ನು ಅಲ್ಲಿಯೇ ನುಂಗಿಕೊಂಡನು. ಆದರೆ ಅರ್ಧ ನುಂಗಿದ ಮಾತು ಪೂರ್ತಿ ಆಡಿದ ಮಾತಿಗಿಂತ ಚೆನ್ನಾಗಿ ಕೇಳಿಸುತ್ತದೆ. ಆ ದಿನ ಮುದುಕರು ಮತ್ತೆ ಮಾತನಾಡಲಿಲ್ಲ. ಹೊಲವು ಹೋದರೆ ಹೋಗಲಿ, ಹಲ್ಲು ಹೋದರೆ ಹೋಗಲಿ. ಲಯವನ್ನು ಹಿಡಿದು ಬದುಕಿದ ವಂಶದವರಿಗೆ ಕಿವಿಯೇ ಹೋಯಿತೆಂದರೆ ಉಳಿದದ್ದೇನು? ಮೂರನೆಯ ದಿನ ಅವರು ಮಗನಿಗೆ ತಿಳಿಸದೆ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ಕಿವಿಯ ವೈದ್ಯರನ್ನು ಕಂಡರು.

ವೈದ್ಯರು ಅವರನ್ನು ನಿಶ್ಶಬ್ದವಾದ ಕೋಣೆಯಲ್ಲಿ ಕೂರಿಸಿ, ಸೆಕೆಂಡಿಗೆ 250 ಸ್ಪಂದನಗಳ ತಗ್ಗು ಧ್ವನಿಯಿಂದ 8,000 ಸ್ಪಂದನಗಳ ಏರು ಧ್ವನಿಯವರೆಗೆ ಒಂದೊಂದಾಗಿ ಕೇಳಿಸಿ ನಕ್ಷೆಯನ್ನು ಬರೆದರು. ಗೆರೆಯು ಎಡಗಡೆಯಲ್ಲಿ ಸಮವಾಗಿ ಸಾಗಿ ಬಲತುದಿಯಲ್ಲಿ ಕೆಳಕ್ಕೆ ಬಾಗಿತ್ತು. ವೈದ್ಯರು ಹೇಳಿದ ವಿಷಯವು ಇದು: ವಯೋಧರ್ಮದಿಂದ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಧ್ವನಿಯನ್ನು. ಜೀರುಂಡೆಯ ಕೀರಲು, ಸಕಾರ ಶಕಾರಗಳ ಭೇದ, ಇವು ಮೊದಲು ಮಸುಕಾಗುತ್ತವೆ. ತಗ್ಗು ಧ್ವನಿಯು ಸಾಮಾನ್ಯವಾಗಿ ಬಹುಕಾಲ ಉಳಿಯುತ್ತದೆ. ತಾರವು ಕೇಳಿಸಿ ಮಂದ್ರವೊಂದೇ ಕೇಳಿಸಲಿಲ್ಲವೆಂದರೆ ಅದು ಮುಪ್ಪಿನ ಕುರುಹಲ್ಲ. ಮುದುಕರು ಆ ನಕ್ಷೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರು. ಮುಂದಿನ ಶನಿವಾರ ಮಗನು ಬಂದಾಗ, ಏನೊಂದೂ ಹೇಳದೆ, ಕಾಫಿಯ ಲೋಟದ ಪಕ್ಕದಲ್ಲಿ ಅದನ್ನು ಬಿಡಿಸಿಟ್ಟರು. ಮಗನು ನೋಡಿದನು, ತಲೆ ತಗ್ಗಿಸಿದನು. ಆ ಹೊತ್ತಿಗೆ ಅವನು ಬೆಂಗಳೂರಿನ ಅಂಗಡಿಯೊಂದರಲ್ಲಿ ವಿಚಾರಿಸಿದ್ದನು. ಆಸನದ ಕೆಳಗೆ ದೊಡ್ಡ ಪೆಟ್ಟಿಗೆಯೊಂದನ್ನೂ ಶಬ್ದವನ್ನು ಹೆಚ್ಚಿಸುವ ಬೇರೊಂದು ಯಂತ್ರವನ್ನೂ ಜೋಡಿಸಲು 30,000 ರೂಪಾಯಿಗಳಾಗುವುದೆಂದು ಅವರು ಹೇಳಿದ್ದರು. ಕಾರಿನ ಸಾಲದ ಕಂತೇ ಭಾರವಾಗಿದ್ದಾಗ ಇದೊಂದು ಹೊಸ ಹೊರೆ.

“ರೋಗ ಯಾವುದೆಂದು ತಿಳಿಯುವುದಕ್ಕೆ ಮೊದಲೇ ಔಷಧಿಗೆ ಏಕೆ ದುಡ್ಡು? ಮೊದಲು ನಿದಾನ, ಆಮೇಲೆ ಚಿಕಿತ್ಸೆ” ಎಂದರು ತಂದೆ.

ನಿದಾನಕ್ಕೆ ನಮ್ಮ ತಾರ್ಕಿಕರು ಒಂದು ಒಳ್ಳೆಯ ಉಪಾಯವನ್ನು ಕೊಟ್ಟಿದ್ದಾರೆ. ಅದಕ್ಕೆ ಅನ್ವಯ ವ್ಯತಿರೇಕವೆಂದು ಹೆಸರು. ಯಾವುದು ಇದ್ದಾಗ ಕಾರ್ಯವಿರುವುದೋ, ಯಾವುದು ಇಲ್ಲದಾಗ ಕಾರ್ಯವಿಲ್ಲವೋ, ಅದು ಕಾರಣ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ಒಟ್ಟಿಗೆ ಎರಡನ್ನು ಬದಲಾಯಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯದೆ, ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಗಂಟುಹಾಕಿದಂತಾಗುತ್ತದೆ. ಭಾನುವಾರದ ಬೆಳಿಗ್ಗೆ ತಂದೆಮಕ್ಕಳಿಬ್ಬರೂ ಕಾರನ್ನು ಹುಣಿಸೆಯ ಮರದ ನೆರಳಿನಲ್ಲಿ ನಿಲ್ಲಿಸಿ ಈ ಪರೀಕ್ಷೆಗೆ ತೊಡಗಿದರು.

ಮೊದಲನೆಯದಾಗಿ, ದೋಷವು ಮುದ್ರಿಕೆಯಲ್ಲಿಯೇ ಇದ್ದರೆ ಕಾರನ್ನು ದೂರಿ ಫಲವೇನು? ಹಿಂದಿನ ಕಾಲದ ಗ್ರಾಮಫೋನು ತಟ್ಟೆಗಳಲ್ಲಿ ಹಾಗೆಯೇ ಇತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ತಟ್ಟೆಗೆ ಕೊಟ್ಟ ಗೌಹರ್ ಜಾನ್, ತನ್ನ ಕೊನೆಯ ದಿನಗಳಲ್ಲಿ ಮೈಸೂರಿನ ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಅವಳ ಆ ತಟ್ಟೆಗಳ ಕಾಲದಲ್ಲಿ ವಿದ್ಯುತ್ತಿನ ಮೈಕು ಇರಲಿಲ್ಲ. ಹಾಡುವವರು ತಗಡಿನ ಕಹಳೆಯ ಬಾಯಿಗೆ ಹಾಡಬೇಕಾಗಿತ್ತು. ಆ ಕಹಳೆಯು ತಗ್ಗು ಧ್ವನಿಯನ್ನು ಹಿಡಿಯಲಾರದೆ ಹೋದುದರಿಂದ ಅವುಗಳಲ್ಲಿ ಕಂಠವಿದೆ, ಎದೆಯಿಲ್ಲ. 1925ರ ಸುಮಾರಿನಲ್ಲಿ ವಿದ್ಯುತ್ತಿನ ಮುದ್ರಣವು ಬಂದ ಮೇಲೆ ಈ ಕೊರತೆಯು ಬಹುಮಟ್ಟಿಗೆ ನೀಗಿತು. ತಂದೆಮಕ್ಕಳು ಅದೇ ಪೆನ್ ಡ್ರೈವಿನ ವಾದನವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರು. ಎಡಗೈ ಇದ್ದಿತು. ಆದುದರಿಂದ ಮುದ್ರಿಕೆಯು ನಿರ್ದೋಷಿ.

ಎರಡನೆಯದು, ಓಟದ ಗದ್ದಲ. ಟೈರು ರಸ್ತೆಗೆ ಉಜ್ಜುವ ಶಬ್ದವೂ ಎಂಜಿನಿನ ಮೊರೆತವೂ ಬಹುಪಾಲು ತಗ್ಗು ಧ್ವನಿಗಳೇ. ಅವು ಸಂಗೀತದ ಮಂದ್ರವನ್ನು ಮುಚ್ಚಿಹಾಕುತ್ತವೆ. ಈಗ ಕಾರು ನಿಂತಿತ್ತು, ಎಂಜಿನು ಆರಿತ್ತು. ಆದರೂ ಎಡಗೈ ಬರಲಿಲ್ಲ. ಮೂರನೆಯದು, ಶಬ್ದದ ಪ್ರಮಾಣ. ಶಬ್ದವನ್ನು ಸಣ್ಣದು ಮಾಡಿದರೆ ಮನುಷ್ಯನ ಕಿವಿಗೆ ಮಿಕ್ಕೆಲ್ಲಕ್ಕಿಂತ ತಗ್ಗು ಧ್ವನಿಯೇ ಹೆಚ್ಚಾಗಿ ಕುಗ್ಗಿದಂತೆ ತೋರುತ್ತದೆ. ಇದನ್ನು 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಅಳೆದು ತೋರಿಸಿದರು. ಸಾಕಷ್ಟು ಏರಿಸಿ ಕೇಳಿದರೂ ವ್ಯತ್ಯಾಸವಾಗಲಿಲ್ಲ. ನಾಲ್ಕನೆಯದು, ಗುಂಡಿಗಳ ವ್ಯವಸ್ಥೆ. ಹಿಂದಿನ ಒಡೆಯರು ಯಾವ ಯಾವುದನ್ನು ಹೇಗೆ ತಿರುಗಿಸಿಟ್ಟಿದ್ದರೋ ಎಂದು ಎಲ್ಲವನ್ನೂ ನಡುಮಟ್ಟಕ್ಕೆ ತಂದರು. ಗರಗರ ಶಬ್ದವು ನಿಂತಿತು. ಎಡಗೈ ಮಾತ್ರ ಬರಲಿಲ್ಲ.

ಐದನೆಯ ಪರೀಕ್ಷೆಯಲ್ಲಿ ಸೋಜಿಗವೊಂದು ಕಾದಿತ್ತು. ಹಿಂದಿನ ಸ್ಪೀಕರುಗಳನ್ನು ಅಡಗಿಸಿ, ಮುಂಬಾಗಿಲುಗಳ ಎರಡು ಸ್ಪೀಕರುಗಳನ್ನು ಮಾತ್ರ ಉಳಿಸಿಕೊಂಡು, ಶಬ್ದವನ್ನೆಲ್ಲ ಬಲಗಡೆಗೆ ಸರಿಸಿದರು. ಎಡಗೈ ಬಂದಿತು! ತುಂಬಾ ಅಲ್ಲದಿದ್ದರೂ, ಗುರುತು ಹಿಡಿಯುವಷ್ಟು. ಎಡಗಡೆಗೆ ಸರಿಸಿದರು. ಅಲ್ಲಿಯೂ ಬಂದಿತು, ಆದರೆ ಸ್ವಲ್ಪ ಸೊರಗಿ. ಎರಡನ್ನೂ ಕೂಡಿಸಿ ನಡುವಿಗೆ ತಂದರು. ಹೋಯಿತು. ಒಂದಿದ್ದಾಗ ಇರುವುದು ಎರಡಾದಾಗ ಇಲ್ಲವಾಗುವುದೆಂದರೇನು? ಮಗನು ಮೂರು ಸಲ ಮಾಡಿ ನೋಡಿದನು. ಮೂರು ಸಲವೂ ಹಾಗೆಯೇ ಆಯಿತು.

ಶಬ್ದವು ಹುಟ್ಟಿದೆಡೆಯಿಂದ ಕಿವಿಯವರೆಗೆ ಹೇಗೆ ಬರುತ್ತದೆ ಎಂಬುದಕ್ಕೆ ನೈಯಾಯಿಕರು ವೀಚೀತರಂಗನ್ಯಾಯವನ್ನು ಹೇಳುತ್ತಾರೆ: ಕೆರೆಯಲ್ಲಿ ಕಲ್ಲು ಬಿದ್ದಾಗ ಒಂದು ಅಲೆಯು ಮತ್ತೊಂದನ್ನು ಹುಟ್ಟಿಸುತ್ತ ದಡಕ್ಕೆ ಬರುವಂತೆ. ಅವರು ಶಬ್ದವನ್ನು ಆಕಾಶದ ಗುಣವೆಂದರು. ಇಂದಿನವರು ವಾಯುವಿನ ಕಂಪನವೆನ್ನುತ್ತಾರೆ. ಅಲೆಯ ದೃಷ್ಟಾಂತವು ಮಾತ್ರ ಇಬ್ಬರಿಗೂ ಸಲ್ಲುತ್ತದೆ. ಸ್ಪೀಕರಿನಲ್ಲಿರುವುದು ಒಂದು ಕಾಗದದ ಬಟ್ಟಲು, ಅದರ ಬೆನ್ನಿಗೆ ತಾಮ್ರದ ತಂತಿಯ ಸುರುಳಿ, ಅದರ ಸುತ್ತ ಒಂದು ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆಲ್ಲ ಬಟ್ಟಲು ಮುಂದಕ್ಕೂ ಹಿಂದಕ್ಕೂ ಆಡಿ ಗಾಳಿಯನ್ನು ತಳ್ಳುತ್ತದೆ, ಸೆಳೆಯುತ್ತದೆ. ಒಂದು ಬಾಗಿಲಿನ ಬಟ್ಟಲು ತಳ್ಳುವ ಕ್ಷಣದಲ್ಲಿಯೇ ಇನ್ನೊಂದು ಬಾಗಿಲಿನದು ಸೆಳೆದರೆ, ಏರುವ ಅಲೆಗೆ ಇಳಿಯುವ ಅಲೆಯು ಎದುರಾಗಿ ಎರಡೂ ಅಳಿಯುತ್ತವೆ.

ಹಾಗಾದರೆ ಮೇಲಿನ ಧ್ವನಿಗಳು ಏಕೆ ಅಳಿಯಲಿಲ್ಲವೆಂದು ವಾಚಕರು ಕೇಳಬಹುದು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಸೆಕೆಂಡಿಗೆ 100 ಸ್ಪಂದನಗಳ ಮಂದ್ರಧ್ವನಿಯ ಒಂದು ಅಲೆಯ ಉದ್ದವು 3.4 ಮೀಟರು, ಎಂದರೆ ಹೆಚ್ಚುಕಡಮೆ ಕಾರಿನಷ್ಟೇ ಉದ್ದ. ಅಷ್ಟು ಉದ್ದದ ಅಲೆಗಳು ಎರಡು ಬಾಗಿಲುಗಳಿಂದ ಹೊರಟು ಕೂತವರ ಕಿವಿಯನ್ನು ತಲಪುವಾಗ ದಾರಿಯಲ್ಲಿ ಬೀಳುವ ಅಂತರವು ಅಲ್ಪ; ಆದುದರಿಂದ ವಿರೋಧವು ಪೂರ್ಣವಾಗಿಯೇ ಉಳಿಯುತ್ತದೆ. ಸೆಕೆಂಡಿಗೆ 1,000 ಸ್ಪಂದನಗಳ ಧ್ವನಿಯ ಅಲೆಯು 34 ಸೆಂಟಿಮೀಟರು ಮಾತ್ರ. ಅದು ಒಂದೆಡೆ ಅಳಿದರೆ ಗೇಣು ಪಕ್ಕದಲ್ಲಿ ಕೂಡುತ್ತದೆ. ಹೀಗೆ ವಿರೋಧದ ನಷ್ಟವೆಲ್ಲ ಮಂದ್ರದ ತಲೆಯ ಮೇಲೆಯೇ ಬೀಳುತ್ತದೆ. ಇಂಥ ಸ್ಥಿತಿಯಲ್ಲಿ ಬೇಸ್ ಗುಂಡಿಯನ್ನು ಏರಿಸಿದರೆ ತಳ್ಳುವವನ ಬಲವೂ ಹೆಚ್ಚುತ್ತದೆ, ಸೆಳೆಯುವವನ ಬಲವೂ ಹೆಚ್ಚುತ್ತದೆ. ಲಾಭವಿಲ್ಲ, ಸುರುಳಿಯು ಕಾದು ಸುಡುವ ಅಪಾಯವು ಮಾತ್ರ ಉಂಟು.

ಮಾಲೂರಿನಲ್ಲಿ ಕಾರುಗಳ ವಿದ್ಯುತ್ ಕೆಲಸವನ್ನು ಮಾಡುವ ಒಬ್ಬ ಹುಡುಗನಿದ್ದಾನೆ. ಸೋಮವಾರ ಮಗನು ರಜವನ್ನು ಪಡೆದು ತಂದೆಯೊಡನೆ ಅವನ ಅಂಗಡಿಗೆ ಹೋದನು. ಮುದುಕರು ತಾವು ಕಂಡದ್ದನ್ನು ಕ್ರಮವಾಗಿ ಹೇಳಿದರು. ಹುಡುಗನು ನಗುತ್ತ, “ತಾತಾ, ಅರ್ಧ ಕೆಲಸ ನೀವೇ ಮಾಡಿದೀರಿ” ಎಂದು ಎಡಬಾಗಿಲಿನ ಒಳಹೊದಿಕೆಯನ್ನು ಬಿಚ್ಚಿದನು. ಆ ಬಾಗಿಲಿನ ಗಾಜನ್ನು ಹಿಂದೆ ಯಾವಾಗಲೋ ಬದಲಾಯಿಸಿದ್ದ ಗುರುತುಗಳಿದ್ದವು. ತಗಡಿನಲ್ಲಿರುವ ದೊಡ್ಡ ರಂಧ್ರಗಳನ್ನು ಮುಚ್ಚಬೇಕಾದ ಪ್ಲಾಸ್ಟಿಕ್ಕಿನ ಹಾಳೆಯು ಅರ್ಧ ಹರಿದು ಜೋತಾಡುತ್ತಿತ್ತು. ಸ್ಪೀಕರಿನ ತಂತಿಗಳನ್ನು ಕತ್ತರಿಸಿ ಮತ್ತೆ ಕೂಡಿಸಿ ಕಪ್ಪು ಪಟ್ಟಿಯನ್ನು ಸುತ್ತಿದ್ದರು.

ಹುಡುಗನು ಆ ಕೂಡಿಕೆಯನ್ನು ಬಿಡಿಸಿ, ಯಂತ್ರದ ಕಡೆಯ ತಂತಿಯನ್ನು ದೂರವಿಟ್ಟು, ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟಿನ ಬ್ಯಾಟರಿಯೊಂದನ್ನು ಸ್ಪೀಕರಿನ ತಂತಿಗಳಿಗೆ ಒಂದು ಕ್ಷಣ ಮುಟ್ಟಿಸಿದನು. ಧನಕ್ಕೆ ಧನ, ಋಣಕ್ಕೆ ಋಣ ಸೇರಿದಾಗ ಬಟ್ಟಲು ಹೊರಕ್ಕೆ ಉಬ್ಬಬೇಕು. ಉಬ್ಬಿತು, ಸ್ಪೀಕರಿನಲ್ಲಿ ದೋಷವಿಲ್ಲ. ತಂತಿಗಳ ಬಣ್ಣವನ್ನು ಹಿಡಿದು ನೋಡಿದಾಗ ಗುಟ್ಟು ಹೊರಬಿದ್ದಿತು. ಗಾಜನ್ನು ಹಾಕಿದವರು ಧನದ ತಂತಿಯನ್ನು ಋಣಕ್ಕೂ ಋಣದ್ದನ್ನು ಧನಕ್ಕೂ ಕೂಡಿಸಿದ್ದರು. ಬಲಬಾಗಿಲು ತಳ್ಳಿದಾಗಲೆಲ್ಲ ಎಡಬಾಗಿಲು ಸೆಳೆಯುತ್ತಿದ್ದುದು ಅದರಿಂದ.

ಎಡಗಡೆಯು ತಾನೊಂದೇ ನುಡಿದಾಗಲೂ ಸೊರಗಿದ್ದುದಕ್ಕೆ ಆ ಹರಿದ ಹಾಳೆಯು ಕಾರಣವಾಗಿತ್ತು. ಬಟ್ಟಲು ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಅದರ ಬೆನ್ನು ಹಿಂದಿನ ಗಾಳಿಯನ್ನು ಸೆಳೆಯುತ್ತದೆ. ನಡುವೆ ಅಡ್ಡಗೋಡೆಯಿಲ್ಲದಿದ್ದರೆ ಮುಂದಿನ ಗಾಳಿಯು ಹೊರಗೆ ಬರದೆ ಸುತ್ತಿಕೊಂಡು ಹಿಂದಕ್ಕೇ ಹೋಗುತ್ತದೆ. ಅಲ್ಲಿಯೂ ಮೊದಲು ಸಾಯುವುದು ಮಂದ್ರವೇ. ಕಾರಿನಲ್ಲಿ ಸ್ಪೀಕರಿಗೆ ಬಾಗಿಲೇ ಮೃದಂಗದ ಕಳಸಿಗೆ. ಕಳಸಿಗೆಯು ಸೀಳಿದ್ದರೆ ಎಷ್ಟು ಒಳ್ಳೆಯ ಚರ್ಮವನ್ನು ಹೊದಿಸಿದರೇನು? ಹುಡುಗನು ತಂತಿಗಳನ್ನು ನೇರಮಾಡಿ, ಹೊಸ ಹಾಳೆಯನ್ನು ಸುತ್ತಲೂ ಅಂಟುಪಟ್ಟಿಯಿಂದ ಭದ್ರಪಡಿಸಿ, ನಡುಗುತ್ತಿದ್ದ ಜಾಗಗಳಿಗೆ ಮೆತ್ತೆಯನ್ನಿಟ್ಟನು. ತೆಗೆದುಕೊಂಡ ಕೂಲಿ 600 ರೂಪಾಯಿ.

ಇಷ್ಟರಿಂದ ಎಲ್ಲ ಕಾರುಗಳಲ್ಲಿಯೂ ಎಲ್ಲ ಮಂದ್ರವೂ ಬಂದುಬಿಡುವುದೆಂದು ಹೇಳಿದರೆ ಅದು ಅತಿಶಯೋಕ್ತಿ. ಒಂದು ಧ್ವನಿಯನ್ನು ಒಂದು ಸ್ಥಾಯಿ ಕೆಳಗಿಳಿಸಿ ಅಷ್ಟೇ ಗಟ್ಟಿಯಾಗಿ ನುಡಿಸಬೇಕಾದರೆ ಬಟ್ಟಲು ನಾಲ್ಕು ಪಟ್ಟು ದೂರ ಆಡಬೇಕು. ತಯಾರಿಸುವಾಗಲೇ ಕಾರಿನಲ್ಲಿ ಕೂರಿಸುವ ಸ್ಪೀಕರುಗಳು ಸಾಮಾನ್ಯವಾಗಿ ಹಗುರವಾದವು. ಅವಕ್ಕೆ ಅಷ್ಟು ಕಸುವಿರುವುದಿಲ್ಲ. ಅವು ಹರಿಯದಿರಲೆಂದು, ಶಬ್ದವನ್ನು ಏರಿಸಿದಂತೆಲ್ಲ ಮಂದ್ರವನ್ನು ತಾನಾಗಿಯೇ ತಗ್ಗಿಸುವ ಯಂತ್ರಗಳೂ ಉಂಟು. ಮೃದಂಗದ ಎಡಕ್ಕೆ ಬಾಗಿಲಿನ ಸ್ಪೀಕರು ಸಾಕಾದೀತು; ಅದಕ್ಕೂ ಕೆಳಗಿನ ಗುಡುಗಿನಂಥ ನಾದವು ಬೇಕೆನ್ನುವವರಿಗೆ ದೊಡ್ಡ ಬಟ್ಟಲೂ ಬೇರೆ ಪೆಟ್ಟಿಗೆಯೂ ಬೇಕೇ ಬೇಕು. ಆದರೆ ಅದಕ್ಕೆ ಹಣ ತೆರುವುದಕ್ಕೆ ಮೊದಲು ಖರ್ಚಿಲ್ಲದ ಪರೀಕ್ಷೆಗಳನ್ನೂ, ಆಮೇಲೆ ಅಲ್ಪ ಖರ್ಚಿನ ದುರಸ್ತಿಯನ್ನೂ ಮಾಡಿ ಮುಗಿಸುವುದು ಗೃಹಸ್ಥಧರ್ಮಕ್ಕೆ ಒಪ್ಪತಕ್ಕದ್ದು. ಸೀಳಿದ ಬಾಗಿಲಿಗೆ ಬೆಲೆಬಾಳುವ ಸ್ಪೀಕರನ್ನು ಕೂರಿಸಿದವರು ಹೊಸ ಸ್ಪೀಕರಿನಲ್ಲಿ ಹಳೆಯ ದೋಷವನ್ನೇ ಕೇಳುತ್ತಾರೆ.

ಸಂಜೆ ಹಿಂದಿರುಗುವಾಗ ಮಗನು ಮಾಸ್ತಿಯು ಇನ್ನೂ ಸ್ವಲ್ಪ ದೂರವಿರುವಂತೆಯೇ ಕಾರನ್ನು ರಸ್ತೆಯ ಮಗ್ಗುಲಿಗೆ ನಿಲ್ಲಿಸಿ ಎಂಜಿನನ್ನು ಆರಿಸಿದನು. ತೋಪಿನ ಮೇಲೆ ಬಿಸಿಲು ಇಳಿಯುತ್ತಿತ್ತು. ತನಿಯಾವರ್ತನವು ಮೊದಲಾಯಿತು. ಬಲಗೈಯ ನಡೆಗಳು ಹರಿದುಬಂದವು. ಅವುಗಳ ಕೆಳಗೆ, ನೆಲದಿಂದ ಎದ್ದಂತೆ, ಎಡಗೈ ಬಂದಿತು. ಮುದುಕರು ಏನೂ ಹೇಳಲಿಲ್ಲ. ಅವರ ಎಡದ ಅಂಗೈ ಮಾತ್ರ ತಾನಾಗಿಯೇ ತೊಡೆಯ ಮೇಲೆ ಒತ್ತಿ ಜಾರಿತು.

“ಅಪ್ಪಾ, ಈಗ ಪಾರಿವಾಳ ಕೂಗಿದ ಹಾಗೆ ಬಂತಲ್ಲ, ಅದು ಏನು?” ಎಂದು ಕೇಳಿದನು ಮಗ.

“ಅದೇ ಕಣಪ್ಪ ನಿಮ್ಮ ತಾತ” ಎಂದರು ಅವರು.

ಮಗನು ತಾತನನ್ನು ಕಂಡಿದ್ದು ಗೋಡೆಯ ಮೇಲಿನ ಭಾವಚಿತ್ರದಲ್ಲಿ ಮಾತ್ರ. ಅವನು ಕೈಚಾಚಿ ವಾದನವನ್ನು ಮತ್ತೆ ಮೊದಲಿಗೆ ತಿರುಗಿಸಿದನು. ಆ ರಾತ್ರಿ ಅಟ್ಟದ ಮೇಲಿನ ಮೃದಂಗವು ಕೆಳಗಿಳಿಯಿತು. ಅಡಿಗೆಮನೆಯಲ್ಲಿ ಒಂದು ಹಿಡಿ ರವೆಯನ್ನು ನೀರು ಹಾಕಿ ಕಲಸಿದರು.